ಕಂಬದಡಿಯ ಓಕುಳಿ

ಹುಣಸೆಹಣ್ಣಿನ ಉಂಡೆಗೆ ಉಪ್ಪು ಮೆತ್ತಿ ಮಂಗಳಮ್ಮ ಆರತಿ ತಟ್ಟೆಯನ್ನು ಉಜ್ಜುತ್ತಿದ್ದಳು. ದೀಪದ ಕಂಬ, ಗಂಟೆ, ತಾಮ್ರದ ಚೊಂಬು ಆಗಲೇ ತೊಳೆದು ಹಿತ್ತಲ ಕಲ್ಲಿನ ಮೇಲೆ ಬೋರಲು ಹಾಕಿದ್ದಾಗಿತ್ತು. ಗುರುವಾರ ಬೆಳಿಗ್ಗೆ ಇಷ್ಟು ಮುಗಿದರೆ ಶುಕ್ರವಾರದ ಪೂಜೆಗೆ ಅವಸರವಿರುವುದಿಲ್ಲ. ಹತ್ತು ಗಂಟೆಗೆ ಠಾಣೆಯಲ್ಲಿರಬೇಕು.

ತಟ್ಟೆಯ ನಡುವೆ ಓಕುಳಿಯ ಕರೆ ಒಣಗಿ ಕೂತಿತ್ತು. ಭಾನುವಾರ ಎದುರುಮನೆಯ ಬಾಣಂತಿ ತೌರಿನಿಂದ ಮಗುವನ್ನು ಎತ್ತಿಕೊಂಡು ಬಂದಾಗ ಅರಿಸಿನಕ್ಕೆ ಸುಣ್ಣ ಕಲಸಿ ದೃಷ್ಟಿ ತೆಗೆದವಳು ಇವಳೇ. ಹುಳಿ ಸೋಕುತ್ತಲೇ ಆ ರಕ್ತಗೆಂಪು ಕರೆ ಬೆರಳ ಕೆಳಗೆ ಹಳದಿಯಾಯಿತು.

ಮಂಗಳಮ್ಮನ ಕೈ ನಿಂತಿತು.

ಅರಿಸಿನಕ್ಕೆ ಸುಣ್ಣ ಸೇರಿದರೆ ಕೆಂಪು. ಹುಳಿ ಸೇರಿದರೆ ಮತ್ತೆ ಹಳದಿ. ಮದುವೆಯಾದಾಗಿನಿಂದ ನೋಡುತ್ತ ಬಂದದ್ದು. ಆದರೆ ಈಗ ನೆನಪಾದದ್ದು ಇನ್ನೊಂದು ಕೆಂಪು. ಪುಟ್ಟರಾಜುವಿನ ಗ್ಯಾರೇಜಿನ ನೆಲದಲ್ಲಿ, ಕಿತ್ತುಬಂದ ಬೋಲ್ಟಿನ ಪಕ್ಕದಲ್ಲಿ, ಅಂಗೈಯಗಲದ ಕೆಂಪು. ಎಲ್ಲರೂ ಅದನ್ನು ರಕ್ತ ಎಂದಿದ್ದರು. ಅವಳೂ ಹಾಗೆಂದೇ ತಿಳಿದಿದ್ದಳು. ಹೆಣ ಇದ್ದದ್ದು ಅಲ್ಲಿಂದ ಎರಡು ಮಾರು ದೂರ.

ಸಿಮೆಂಟಿನೊಳಗೆ ಇರುವುದೂ ಸುಣ್ಣದ ಗುಣವೇ.

ಇಂದಿಗೆ ಒಂಬತ್ತನೆಯ ದಿನ. ಪುಟ್ಟರಾಜು ಮನೆಯ ಗ್ಯಾರೇಜಿನಲ್ಲಿ ಕೂರಿಸಿಕೊಂಡಿದ್ದ ಎರಡು ಕಂಬದ ಕಾರು ಲಿಫ್ಟಿನ ಒಂದು ಕಂಬ ಬುಡಸಮೇತ ಕಿತ್ತು, ಮೇಲಿದ್ದ ಜೀಪು ಅವನ ಮೇಲೆ ಬಿದ್ದಿತ್ತು. ಲಿಫ್ಟನ್ನು ನೆಲಕ್ಕೆ ಬಿಗಿದ ಗಂಜಾಮಿನ ಫಿಟ್ಟರ್ ಜಫರ್ ಈಗ ಜೈಲಿನಲ್ಲಿದ್ದ. ಬೇಕೆಂದೇ ಕಳಪೆ ಬೋಲ್ಟು ಹಾಕಿದ ಎಂದು ಸತ್ತವನ ಅಣ್ಣ ಮಹದೇವಸ್ವಾಮಿ ದೂರು ಕೊಟ್ಟಿದ್ದ. ಸುಲಭಕ್ಕೆ ಜಾಮೀನು ಸಿಗದ ಕಲಮು ಬಿದ್ದಿತ್ತು.

ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಅವಳು ಎದ್ದಳು. ಸಮವಸ್ತ್ರ ಹಾಕಿಕೊಂಡು, ಅಡುಗೆಮನೆಯ ಬುಟ್ಟಿಯಿಂದ ಒಂದು ನಿಂಬೆಹಣ್ಣು ತೆಗೆದು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಳು. ಹೊರಡುವಾಗ ಅಭ್ಯಾಸದಂತೆ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆ ಹೊಸ್ತಿಲ ಕೆಳಗೆ ಹೊಣಕೆರೆ ಕಡೆಯ ಐನೋರು ಮಂತ್ರ ಬರೆದುಕೊಟ್ಟ ತಾಮ್ರದ ತಗಡಿತ್ತು. ಅದನ್ನು ಇಟ್ಟ ಮೇಲೆ ಮನೆಯಲ್ಲಿ ಒಂದು ಕೆಟ್ಟದ್ದೂ ನಡೆದಿರಲಿಲ್ಲ. ಈ ಮಾತನ್ನು ಅವಳು ಊರೆಲ್ಲಕ್ಕೂ ಹೇಳಿದ್ದಳು.

* * *

ಠಾಣೆಯ ಹೊರಗಿನ ಬೆಂಚಿನ ಮೇಲೆ ಜಫರನ ಹೆಂಡತಿ ಜೀನತ್ ಕೂತಿದ್ದಳು. ಒಂಬತ್ತು ದಿನದಿಂದಲೂ ಶ್ರೀರಂಗಪಟ್ಟಣದ ಮೊದಲ ಬಸ್ಸಿಗೆ ಬಂದು ಅದೇ ಬೆಂಚಿನ ಅದೇ ತುದಿಯಲ್ಲಿ ಕೂರುತ್ತಿದ್ದಳು. ಗಂಡ ಇಲ್ಲಿಲ್ಲ, ಜೈಲಿನಲ್ಲಿದ್ದಾನೆ ಎಂದು ಎಷ್ಟು ಸಲ ಹೇಳಿದರೂ ಕೇಳಿರಲಿಲ್ಲ.

"ಅಲ್ಲಿಗೋದ್ರೆ ಗೋಡೆ ಕಾಣ್ತದೆ ಅಕ್ಕ. ಇಲ್ಲಿ ನೀವಾದ್ರೂ ಕಾಣ್ತೀರಿ," ಎಂದಿದ್ದಳು.

ಇವತ್ತು ಮಂಗಳಮ್ಮನೇ ಅವಳ ಪಕ್ಕ ಕೂತಳು. "ಜೀನತ್, ನಿನ್ನ ಗಂಡ ಬೋಲ್ಟು ಹಾಕೋ ರೀತಿ ಇನ್ನೊಂದ್ಸಲ ಹೇಳವ್ವ. ನಿಧಾನಕ್ಕೆ."

"ಎಷ್ಟ್ ಸಲ ಏಳೋದು ಅಕ್ಕ? ಬರ್ಕೊಳ್ಳೋರು ಬರ್ಕೊಳಲ್ಲ."

"ನನಗೆ ಹೇಳು."

ಜೀನತ್ ಬುರ್ಖಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕಾಂಕ್ರೀಟು ಹಾಕಿ ಇಪ್ಪತ್ತೆಂಟು ದಿನ ನೀರು ಕುಡೀಬೇಕು ಅಂತಾರೆ. ಅದಕ್ಕಿಂತ ಮುಂಚೆ ಕರೆದ್ರೆ ಓಗಲ್ಲ. ಓದ್ರೆ ಮೊದಲು ಒಂದು ತೂತು ಹೊಡೆದು ನೆಲ ಎಷ್ಟು ದಪ್ಪ ಐತೆ ಅಂತ ನೋಡ್ತಾರೆ. ಆಮೇಲೆ ಬೋಲ್ಟಿನ ತೂತು. ಸೈಕಲ್ ಪಂಪು ತಗೊಂಡು ಊದ್ತಾನೇ ಇರ್ತಾರೆ. ಒಂದು ಚಿಟಿಕೆ ಧೂಳಿದ್ರೂ ಬೋಲ್ಟು ಮೇಲಕ್ಕೆ ಗಟ್ಟಿ ಕಾಣ್ತದೆ, ಒಳಗೆ ಇಡ್ಕೊಂಡಿರಲ್ಲ ಅಂತಾರೆ."

"ಆಮೇಲೆ?"

"ತೂಕ ತೋರಿಸೋ ಪಾನಾ ಐತಲ್ಲ, ಅದರಲ್ಲಿ ಬಿಗಿ ಮಾಡ್ತಾರೆ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಅದು ಟಕ್ ಅಂತದೆ. ಆಮೇಲೆ ನನ್ನ ಉಗುರುಬಣ್ಣ." ಅವಳು ಮೊದಲ ಸಲ ಸ್ವಲ್ಪ ನಕ್ಕಳು. "ನಮಾಜಿಗೆ ಆಗಲ್ಲ ಅಂತ ನಾನು ಅಚ್ಕೊಳಲ್ಲ. ತಂಗಿ ಮದುವೇಲಿ ಬಂದಿದ್ ಬಾಟ್ಲು. ಇವರು ಎತ್ಕೊಂಡೋಗಿ ನಟ್ಟಿನಿಂದ ಕೆಳಗಿನ ಪ್ಲೇಟಿನ ಮ್ಯಾಲೆ ಒಂದೇ ಗೆರೆ ಎಳೀತಾರೆ. ಯಾರಾದ್ರೂ ನಟ್ಟು ತಿರುಗ್ಸಿದ್ರೆ ಗೆರೆ ಮುರೀತದೆ. ನಿನ್ನ ಉಗುರುಬಣ್ಣ ಕೆ.ಆರ್. ಪೇಟೆ, ನಾಗಮಂಗಲ ಎಲ್ಲಾ ತಿರುಗ್ತದೆ ಅಂತ ನಮ್ಮತ್ತೆ ಅಮ್ಮೀಜಾನ್ ನಗಾಡ್ತಿದ್ರು."

ಆ ಗೆರೆಯನ್ನು ಮಂಗಳಮ್ಮ ಮೊದಲ ದಿನವೇ ನೋಡಿದ್ದಳು. ಬಿದ್ದ ಕಂಬದ ಐದೂ ನಟ್ಟಿನಲ್ಲಿ ಗೆರೆ ಮುರಿದಿತ್ತು. ನಿಂತ ಕಂಬದ ಐದರಲ್ಲೂ ನೆಟ್ಟಗಿತ್ತು. ನಾಗಮಂಗಲದ ಒಂದು ಷೆಡ್ಡಿನಲ್ಲಿ ಜಫರ್ ಮೂರು ವರ್ಷದ ಹಿಂದೆ ಕೂರಿಸಿದ ಲಿಫ್ಟನ್ನೂ ರಜೆ ಹಾಕಿ ಹೋಗಿ ನೋಡಿ ಬಂದಿದ್ದಳು. ಅಲ್ಲಿಯೂ ಗೆರೆ ನೆಟ್ಟಗೇ ಇತ್ತು.

ಅಂದರೆ ಜಫರ್ ಹೋದ ಮೇಲೆ ಯಾರೋ ಆ ಒಂದು ಕಂಬದ ನಟ್ಟು ಬಿಚ್ಚಿದ್ದರು. ಸತ್ತವನ ತಾಯಿ, ಅಣ್ಣ, ಹೆಂಡತಿ ಮೂವರೂ ಹೇಳಿಕೆಯಲ್ಲಿ ಒಂದೇ ಮಾತು ಬರೆಸಿದ್ದರು. ಯಾರೂ ಮುಟ್ಟಿಲ್ಲ.

"ಸೋಮವಾರ ಅವರು ಬರ್ತಾರಾ ಅಕ್ಕ?" ಜಾಮೀನು ಅರ್ಜಿ ಸೋಮವಾರಕ್ಕಿತ್ತು. ಮಂಗಳಮ್ಮ ಎದ್ದು ಒಳಗೆ ಹೋದಳು.

ಸಾಹೇಬರು ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಕೆಟ್ಟವರಲ್ಲ. ಮೇಜಿನ ಮೇಲೆ ಕಡತದ ರಾಶಿ ಇಟ್ಟುಕೊಂಡು, ಯಾವುದು ಮೊದಲು ಮುಗಿಯುತ್ತದೋ ಅದೇ ಸತ್ಯ ಎಂದು ನಂಬಿದವರು.

"ಸಾರ್, ಆ ಗ್ಯಾರೇಜಿನ ನೆಲದ ಮೇಲಿರೋದು ರಕ್ತ ಅಲ್ಲ ಅನಿಸ್ತದೆ."

"ಮತ್ತೆ?"

"ಓಕುಳಿ. ಅರಿಸಿನ ಸಿಮೆಂಟಿಗೆ ಬಿದ್ದು ಕೆಂಪಾಗಿರೋದು. ಕಂಬ ಬಿಚ್ಚಿ ಅದರಡೀಲಿ ಏನೋ ಪೂಜೆ ಮಾಡವ್ರೆ."

ಅವರು ಪೆನ್ನು ಕೆಳಗಿಟ್ಟರು. "ಮಂಗಳಮ್ಮ, ಹೋದ ವಾರ ಉಗುರುಬಣ್ಣ ಅಂದ್ರಿ. ಬಿದ್ದಾಗ ನಟ್ಟು ತಿರುಗಿರುತ್ತೆ ಅಂತ ನಾನು ಹೇಳ್ದೆ. ಈ ವಾರ ಅರಿಸಿನ. ಮುಂದಿನ ವಾರ ಹೂವಾ? ಕೋರ್ಟಿಗೆ ನಾನು ಚಾರ್ಜ್‌ಶೀಟ್ ಕಳಿಸಲೋ, ಮದುವೆ ಸಾಮಾನಿನ ಪಟ್ಟಿ ಕಳಿಸಲೋ?"

ಪಕ್ಕದ ಮೇಜಿನಲ್ಲಿ ಯಾರೋ ಕಿಸಕ್ಕೆಂದರು.

"ಐದು ನಟ್ಟೂ ಬಿದ್ದಾಗ ಒಂದೇ ಅಳತೆಗೆ ತಿರುಗ್ತಾವಾ ಸಾರ್?"

"ಮಹಜರು ಆಗಿದೆ. ಬೋಲ್ಟು ಸೀಲ್ ಆಗಿದೆ. ಫೋಟೋ ಇದೆ." ಅವರು ಒಂದು ಕಾಗದ ಮುಂದೆ ತಳ್ಳಿದರು. "ಶನಿವಾರ ಹನ್ನೊಂದನೇ ದಿನದ ತಿಥಿ. ಅದಕ್ಕೆ ಮುಂಚೆ ಆ ನೆಲ ಕಿತ್ತು ಶಾಂತಿ ಮಾಡಿಸಬೇಕಂತೆ. ನಾಳೆ ಬೆಳಿಗ್ಗೆ ಕೆಲಸದವರು ಬರ್ತಾರೆ. ನಾನು ಆಗಲಿ ಅಂದಿದೀನಿ. ಮಹದೇವಸ್ವಾಮಿ ಹತ್ರ ಇದಕ್ಕೆ ಸಹಿ ಹಾಕಿಸಿಕೊಂಡು ಬನ್ನಿ. ಹೆಂಗಸರು ಅಳ್ತಿದ್ರೆ ಎರಡು ಮಾತು ಸಮಾಧಾನ ಹೇಳಿ. ಅದು ನಿಮಗೆ ಚೆನ್ನಾಗಿ ಬರುತ್ತೆ."

ಇಪ್ಪತ್ತನಾಲ್ಕು ವರ್ಷದ ನೌಕರಿಯಲ್ಲಿ ಈ ಮಾತನ್ನು ಅವಳು ಎಷ್ಟು ಸಾಹೇಬರ ಬಾಯಲ್ಲಿ ಕೇಳಿದ್ದಳೋ. ಗಂಡಸರು ಅಳತೆ ತೆಗೆಯುತ್ತಾರೆ, ಫೋಟೋ ಹಿಡಿಯುತ್ತಾರೆ. ಮಂಗಳಮ್ಮ ಒಳಗೆ ಹೋಗಿ ಅಳುವವರ ಬೆನ್ನು ಸವರಬೇಕು. ಬೆನ್ನು ಸವರುವ ಕೈಗೆ ಎಷ್ಟೋ ಸಂಗತಿ ಗೊತ್ತಾಗುತ್ತದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕಾಗದ ಮಡಚಿಕೊಂಡು ಹೊರಟಳು. ನಾಳೆ ಬೆಳಿಗ್ಗೆ ಆ ನೆಲ ಇರುವುದಿಲ್ಲ. ನೆಲ ಹೋದರೆ ಜಫರನ ಪರವಾಗಿ ಮಾತಾಡುವುದು ಏನೂ ಉಳಿಯುವುದಿಲ್ಲ.

* * *

ಪುಟ್ಟರಾಜುವಿನ ಮನೆ ಪಾಂಡವಪುರ ದಾಟಿ ಮೇಲುಕೋಟೆ ರಸ್ತೆಯ ಪಕ್ಕ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು, ಸಂಜೆ ಮತ್ತು ಭಾನುವಾರ ಮನೆಯಲ್ಲೇ ಕಾರು ನೋಡುತ್ತಿದ್ದ. ಹನ್ನೆರಡು ವರ್ಷ ಕಾರಿನಡಿ ಅಂಗಾತ ಮಲಗಿ ಬೆನ್ನು ಹೋಗಿತ್ತು. ಇನ್ನು ಮೇಲೆ ನಿಂತುಕೊಂಡು ಕೆಲಸ ಮಾಡಬೇಕು ಎಂಬ ಆಸೆಗೆ ಆ ಲಿಫ್ಟು.

ಜಗಲಿಯ ಮೇಲೆ ಅವನ ತಾಯಿ ಬೈರಮ್ಮ ಕಾಲು ಚಾಚಿ ಕೂತಿದ್ದಳು. "ಬಾ ಪೊಲೀಸವ್ವ. ಕುಂತ್ಕೊ ಅನ್ನಂಗಿಲ್ಲ, ಸೂತ್ಕದ ಮನೆ. ನನ್ ಮಗನ್ ತಿಂದೋನಿಗೆ ಅನ್ನ ಹಾಕ್ತಾವ್ರಾ ಜೈಲಲ್ಲಿ?"

"ಹಾಕ್ತಾರೆ ಕಣವ್ವ."

"ಹಾಕ್ಲಿ ಬುಡು. ಅವ್ನ್ ತಾಯೂ ಕಾಯ್ಕಂಡಿರ್ತಾಳೆ." ಅಷ್ಟು ಹೇಳಿ ಮುದುಕಿ ಮುಖ ತಿರುಗಿಸಿದಳು.

ಮಂಗಳಮ್ಮ ಗ್ಯಾರೇಜಿಗೆ ನಡೆದಳು. ಒಂದು ಕಂಬ ನಿಂತೇ ಇತ್ತು. ಇನ್ನೊಂದು ಟಾರ್ಪಾಲಿನ ಕೆಳಗೆ ಮಲಗಿತ್ತು. ಅದು ಕಿತ್ತುಬಂದ ಜಾಗದಲ್ಲಿ ಕಾಂಕ್ರೀಟು ಒಡೆದು ಜಲ್ಲಿ ಕಾಣುತ್ತಿತ್ತು. ಮಂಡಿಯೂರಿ ಕೂತು ನೋಡಿದಳು. ಒಂಬತ್ತು ದಿನದ ಹಿಂದೆ ಸುತ್ತ ಹತ್ತು ಜನ ಗಂಡಸರು ನಿಂತಿದ್ದಾಗ ಇಷ್ಟು ಹತ್ತಿರ ಕೂರಲು ಜಾಗವಿರಲಿಲ್ಲ.

ಒಡೆದ ಕಾಂಕ್ರೀಟಿನ ಮೈ ಒರಟಾಗಿತ್ತು. ಆದರೆ ಎರಡು ಬೋಲ್ಟಿನ ತೂತುಗಳ ನಡುವೆ ಒಂದು ಕಡೆ ಹಾಗಿರಲಿಲ್ಲ. ಬಟ್ಟಲಿನಂತೆ ತಗ್ಗು. ಅಂಚಿನಲ್ಲಿ ಉಳಿಯ ಕಚ್ಚುಗಳು, ಒಂದರ ಪಕ್ಕ ಒಂದು, ಕೆಲಸ ಬಲ್ಲ ಕೈ ಹೊಡೆದಂತೆ. ಬಿರುಕು ಹೊರಟದ್ದು ಈ ತಗ್ಗಿನಿಂದಲೇ. ಕೆಂಪು ಇದ್ದದ್ದೂ ಇದರ ತಳದಲ್ಲೇ.

ಬೋಲ್ಟಿನ ಸುತ್ತ ಒಂದು ಗೇಣು ಗಟ್ಟಿ ಕಾಂಕ್ರೀಟು ಇರಬೇಕು ಮೇಡಂ, ಬೋಲ್ಟು ನಿಲ್ಲುವುದು ತನ್ನ ಬಲದಿಂದಲ್ಲ, ಸುತ್ತಲಿನ ಒತ್ತಿನಿಂದ. ಜಫರ್ ಹೇಳಿಕೆಯಲ್ಲಿ ಹೇಳಿದ್ದು ಇದು. ಬರೆದುಕೊಂಡವರು ಈ ವಾಕ್ಯವನ್ನು ಬಿಟ್ಟಿದ್ದರು.

ಅವಳು ಸಡಿಲವಾಗಿದ್ದ ಒಂದು ಚಕ್ಕೆ ಎತ್ತಿಕೊಂಡು ನಿಂಬೆಹಣ್ಣನ್ನು ಹಲ್ಲಿನಿಂದ ಕಚ್ಚಿ ಎರಡು ಹನಿ ಹಿಂಡಿದಳು. ಸಿಮೆಂಟು ಸಣ್ಣಗೆ ನೊರೆಯೆದ್ದಿತು. ನೊರೆ ಕೂತ ಮೇಲೆ ಚಕ್ಕೆಯ ಮೇಲಿನ ಕೆಂಪು ಹಳದಿಯಾಗಿತ್ತು.

"ಏನ್ ಮೇಡಮ್ಮೋರೆ, ನೆಲ ಕೆರೀತಾ ಕುಂತಿದ್ದೀರಿ?"

ಮಹದೇವಸ್ವಾಮಿ ಬಾಗಿಲಲ್ಲಿ ನಿಂತಿದ್ದ. ಮಂಗಳಮ್ಮ ಚಕ್ಕೆಯನ್ನು ಕರವಸ್ತ್ರದೊಳಗೆ ಮಡಚಿ ಎದ್ದಳು.

"ಸಹಿ ಬೇಕಿತ್ತು."

"ಅದಕ್ಕೆ ಮಂಡಿ ಯಾಕೆ ಊರ್ಬೇಕು?" ಕಾಗದ ಇಸಿದುಕೊಂಡು ಗೋಡೆಗೆ ಒತ್ತಿ ಸಹಿ ಹಾಕಿದ. ಓದಲಿಲ್ಲ.

"ಜಫರ್ ಹೋದ ಮೇಲೆ ಈ ನಟ್ಟು ಯಾರೂ ಬಿಚ್ಚಿಲ್ಲ ಅಂದಿದ್ರಿ, ಅಲ್ವಾ?"

"ಎಷ್ಟ್ ಸಲ ಏಳಾದು? ಕುಂಡ್ರುಸ್ದೋನು ಅವನು. ಸಾಯ್ಸಿದೋನು ಅವನು. ಮಧ್ಯದಲ್ಲಿ ಇನ್ಯಾರು ಬಂದ್ರು?" ಅವನ ಕಣ್ಣು ಅವಳ ಮುಷ್ಟಿಯ ಕರವಸ್ತ್ರದ ಮೇಲಿತ್ತು. "ನಿಂಬೆಹಣ್ಣು ಯಾಕೆ ತಂದಿದ್ರಿ?"

"ಬಿಸಿಲು. ತಲೆ ಸುತ್ತು ಬರ್ತದೆ."

"ಸೂತ್ಕದ ಮನೇಲಿ ನಿಂಬೆಹಣ್ಣು ಕುಯ್ಬೇಡಿ ಮೇಡಮ್ಮೋರೆ. ಜನ ಇನ್ನೇನೋ ತಿಳ್ಕತಾರೆ." ಕಾಗದ ಅವಳ ಕೈಗೆ ಕೊಟ್ಟು, ಅವಳು ಹೊರಗೆ ಬರುವವರೆಗೂ ಅಲ್ಲಿಯೇ ನಿಂತಿದ್ದ.

* * *

ಪುಟ್ಟರಾಜುವಿನ ಹೆಂಡತಿ ಅನು ಹಿಂದಿನ ಉಗ್ರಾಣದಲ್ಲಿ ತಿಥಿಗೆಂದು ಅಕ್ಕಿ ಕೇರುತ್ತಿದ್ದಳು. ಕೈಯಲ್ಲಿ ಬಳೆ ಇನ್ನೂ ಇದ್ದವು. ಶನಿವಾರ ತೆಗೆಸುತ್ತಾರೆ. ಮೊರ ಎದ್ದಾಗಲೆಲ್ಲ ಅವು ಸದ್ದು ಮಾಡುತ್ತಿದ್ದವು, ಆ ಸದ್ದಿಗೆ ಅವಳೇ ಬೆಚ್ಚಿದಂತೆ ಮೊರವನ್ನು ಮೆಲ್ಲಗೆ ಆಡಿಸುತ್ತಿದ್ದಳು. ಏಳು ವರ್ಷದ ಮಗಳು ಚಿನ್ನು ಚೀಲಕ್ಕೆ ಒರಗಿ ನಿದ್ದೆ ಹೋಗಿದ್ದಳು.

ಮಂಗಳಮ್ಮ ಬಾಗಿಲು ಮುಂದಕ್ಕೆಳೆದು ಅವಳೆದುರು ಕೂತಳು. ಕರವಸ್ತ್ರ ಬಿಚ್ಚಿ ಚಕ್ಕೆಯನ್ನು ಮೊರದ ಅಂಚಿಗೆ ಇಟ್ಟಳು.

ಅನು ಅದನ್ನು ನೋಡಿದಳು.

"ನಿಂಬೆಹಣ್ಣು ಹಿಂಡುದ್ರಾ ಅಕ್ಕ?"

ಅಷ್ಟು ಸಾಕಾಗಿತ್ತು. ಗೊತ್ತಿಲ್ಲದವಳು ಇದೇನು ಎಂದು ಕೇಳುತ್ತಿದ್ದಳು.

"ಜಫರ್ ಹೆಂಡ್ತಿ ದಿನಾ ಬಂದು ಬೆಂಚಿನ ಮೇಲೆ ಕೂರ್ತಾಳೆ ಅನು. ಸೋಮವಾರ ಜಾಮೀನು ಸಿಗದೆ ಹೋದ್ರೆ ಅವನು ಇನ್ನೆಷ್ಟು ತಿಂಗಳು ಒಳಗಿರ್ತಾನೋ. ನೀವು ಮೂವರೂ ಯಾರೂ ಮುಟ್ಟಿಲ್ಲ ಅಂತ ಬರೆಸಿದೀರಿ."

"ಬಾವ ಅಂಗೇ ಬರ್ಸು ಅಂದ್ರು."

"ನಟ್ಟು ಬಿಚ್ಚಿದ್ದು ಯಾರು?"

ಅನು ಮಗಳ ಕಡೆ ನೋಡಿ ದನಿ ತಗ್ಗಿಸಿದಳು. "ಅವರೇ. ನಾನು ಹೇಳಿದ್ಕೆ."

ಹೇಳಲು ಶುರು ಮಾಡಿದ ಮೇಲೆ ಅವಳು ನಿಲ್ಲಿಸಲಿಲ್ಲ. ಹೋದ ವರ್ಷ ಡಿಪೋದಲ್ಲಿ ಜಾಕು ಜಾರಿ ಗಂಡನ ಎರಡು ಬೆರಳು ಜಜ್ಜಿದ್ದವು. ಅಂದಿನಿಂದ ಅವನು ಗಾಡಿಯಡಿ ಹೋದರೆ ಇವಳಿಗೆ ಉಸಿರು ಕಟ್ಟುತ್ತಿತ್ತು. ಲಿಫ್ಟು ಬಂತು. ಅಷ್ಟೆತ್ತರಕ್ಕೆ ಗಾಡಿ ಏರುವುದನ್ನು ನೋಡಿ ಭಯ ಇನ್ನೂ ಹೆಚ್ಚಾಯಿತು. ಕಂಬದ ಅಡಿಗೆ ಒಂದು ತಗಡು ಇಡಿಸಬೇಕು ಎಂದು ಹಟ ಹಿಡಿದಳು.

"ಅವರು ನಕ್ರು ಕಣಕ್ಕ. ಮೂರು ದಿನ ನಾನು ಊಟ ಬುಟ್ಟೆ. ಆಮೇಲೆ ಒಪ್ಕಂಡ್ರು. ಜಫರಣ್ಣ ಕುಂಡ್ರುಸಿ ಓಗಿ ನಾಕು ದಿನ ಆಗಿತ್ತು. ಐದು ನಟ್ಟೂ ಬಿಚ್ಚಿ, ತೊಲೆಗೆ ಚೈನ್ ಪುಲ್ಲಿ ಹಾಕಿ ಕಂಬ ಎತ್ತುದ್ರು. ಸರಪಳಿ ಎಳ್ದಿದ್ದು ಬಾವ."

ಮಂಗಳಮ್ಮನ ಬೆನ್ನು ನೆಟ್ಟಗಾಯಿತು. "ಮಹದೇವಸ್ವಾಮಿಯೇ?"

"ಅವರೇ. ತಗಡು ನಾಕು ಮಡಿಕೆ. ಒಳಗೆ ಹವಳ, ನವಧಾನ್ಯ. ದಪ್ಪ ಆಗ್ಬುಡ್ತು, ಕಂಬ ಅಲ್ಲಾಡ್ತು. ಅದಕ್ಕೆ ಅವರು ಉಳಿ ತಗಂಡು ನೆಲದಲ್ಲಿ ಗುಳಿ ಒಡದ್ರು. ನಾನೇ ಅದರೊಳಕ್ಕೆ ಅರಿಸಿನದ ನೀರು ಬುಟ್ಟೆ. ತಗಡು ಇಟ್ಟು, ಕಂಬ ಇಳ್ಸಿ, ಮಾಮೂಲಿ ಪಾನಾದಲ್ಲಿ ಬಿಗಿ ಮಾಡುದ್ರು."

"ಜಫರನ್ನ ಕರೀಲಿಲ್ವಾ?"

"ಕರೀರಿ ಅಂದೆ. ಕರುದ್ರೆ ಬಿಚ್ಚಿದ್ದಕ್ಕೆ ಉಗೀತಾನೆ, ನಾನೇನು ಬಸ್ಸು ಎತ್ತುದೋನಲ್ವಾ ಅಂದ್ರು." ಅನು ಮೊರದಲ್ಲಿದ್ದ ಒಂದು ಕಲ್ಲನ್ನು ಹೆಕ್ಕಿ ಪಕ್ಕಕ್ಕಿಟ್ಟಳು. "ಇಪ್ಪತ್ತು ದಿನ ಚೆನ್ನಾಗೇ ಇತ್ತು. ನೋಡ್ದಾ, ನಿನ್ ತಗಡು ಕಾಯ್ತಾ ಐತೆ ಅಂತ ದಿನಾ ರೇಗ್ಸೋರು. ಆಮೇಲೆ ಆ ಜೀಪು ಬಂತು."

ಚಿನ್ನು ನಿದ್ದೆಯಲ್ಲಿ ಮಗ್ಗುಲಾದಳು.

"ಇದನ್ನ ಹೇಳಿಕೆ ಬರೆದುಕೊಡು ಅನು."

"ಇಲ್ಲ."

"ಒಬ್ಬ ತಪ್ಪಿಲ್ಲದೋನು—"

"ಗೊತ್ತಕ್ಕ. ರಾತ್ರಿ ಕಣ್ಮುಚ್ಚುದ್ರೆ ಅವನ ಮಕನೂ ಬತ್ತದೆ. ಆದ್ರೆ ಅತ್ತೆಗೆ ಗೊತ್ತಾದ್ರೆ ನಾನು ಗಂಡನ್ ತಿಂದ್ಕಂಡೋಳು. ಇವತ್ತು ಒಂದಿನ ಅಲ್ಲ, ಸಾಯೋಗಂಟ. ಬಾವ ಆಗ್ಲೇ ಅಂದವ್ರೆ. ನೀನು ಬಾಯಿ ಬುಟ್ಟ ದಿನ ಮಗೀನೂ ನೀನೂ ಹೊಣಕೆರೆ ಬಸ್ಸು ಅತ್ತಿ ಅಂತ. ತೌರಲ್ಲಿ ಅಣ್ಣನ ಹೆಂಡ್ತಿ ಬಾಗ್ಲು ತೆಗೀತಾಳಾ?"

ಮಂಗಳಮ್ಮನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಅನುವಿನ ಮೇಲೆ, ಸರಪಳಿ ಎಳೆದೂ ದೂರು ಕೊಟ್ಟವನ ಮೇಲೆ, ಅರಿಸಿನ ಎಂದರೆ ನಕ್ಕ ಸಾಹೇಬರ ಮೇಲೆ. ಆ ಸಿಟ್ಟಿನಲ್ಲೇ ಕೇಳಿದಳು.

"ನಿಂತ ಕಂಬ ಬಿಚ್ಚಿ ತಗಡು ಇಡಿ ಅಂತ ಯಾರು ಹೇಳಿದ್ದು ನಿಂಗೆ? ಯಾರಿಗಾದ್ರೂ ಬುದ್ಧಿ ಇದ್ರೆ ಹೇಳ್ತಾರಾ?"

ಅನು ತಲೆಯೆತ್ತಿದಳು. ಅವಳ ಮುಖದಲ್ಲಿ ಆಶ್ಚರ್ಯವಿತ್ತು.

"ನೀವೇ ಅಲ್ವಾ ಅಕ್ಕ."

"ನಾನಾ?"

"ರಾಗಿ ಮಿಲ್ಲಲ್ಲಿ. ಕರೆಂಟು ಓಗಿತ್ತು, ಎಲ್ಲಾ ಚೀಲ ಇಟ್ಕಂಡು ಕುಂತಿದ್ದೋ. ನಾನು ಭಯ ಆಯ್ತದೆ ಅಂದೆ. ಹೊಣಕೆರೆ ಐನೋರ ತಗಡು ಇಡ್ಸು, ನಮ್ಮನೇಲಿ ಒಂದು ಕೆಟ್ಟದ್ದೂ ಆಗಿಲ್ಲ ಅಂದ್ರಿ. ಆಗ್ಲೇ ಕುಂಡ್ರುಸ್ಬುಟ್ಟವ್ರೆ ಅಂದೆ. ಅದಕ್ಕೇನಂತೆ, ನಮ್ಮನೆ ಬಾಗ್ಲನ್ನೂ ಕಿತ್ತೇ ಇಡ್ಸಿದ್ದು, ನೀನೂ ಬಿಚ್ಚಿ ಇಡ್ಸು ಅಂದ್ರಿ. ಐನೋರ ನಂಬರು ನಿಮ್ಮ ಫೋನಿಂದಲೇ ಕಳ್ಸಿದ್ರಿ."

ರಾಗಿ ಮಿಲ್ಲು ನೆನಪಾಯಿತು. ಕರೆಂಟು ಹೋದದ್ದು ನೆನಪಾಯಿತು. ಹಿಟ್ಟಿನ ವಾಸನೆ, ಪಕ್ಕದಲ್ಲಿ ಯಾರೋ ಹೆದರಿದ ಹೆಂಗಸು, ಅವಳ ಬೆನ್ನು ಸವರಿದ ತನ್ನ ಕೈ. ಆಡಿದ ಮಾತು ಮಾತ್ರ ನೆನಪಿರಲಿಲ್ಲ. ದಿನಕ್ಕೆ ಹತ್ತು ಜನಕ್ಕೆ ಹೇಳುವ ಸಮಾಧಾನ. ಅದು ತನಗೆ ಚೆನ್ನಾಗಿ ಬರುತ್ತದೆ.

"ನಿಮ್ಮ ಮ್ಯಾಲೆ ತಪ್ಪು ಒರುಸ್ತಿಲ್ಲ ಕಣಕ್ಕ," ಎಂದಳು ಅನು. "ಕೇಳುದ್ರಿ, ಅದ್ಕೆ ಅಂದೆ."

ಅವಳು ಎದ್ದು ರಾಗಿ ತುಂಬಿದ ಮಣ್ಣಿನ ವಾಡೆಗೆ ಮೊಣಕೈವರೆಗೂ ಕೈ ಹಾಕಿದಳು. ಹಳದಿ ಬಟ್ಟೆಯ ಸಣ್ಣ ಗಂಟು ಹೊರಗೆ ಬಂತು. ಒಳಗಿನ ತಾಮ್ರ ಒಂದು ಮೂಲೆಯಲ್ಲಿ ಜಜ್ಜಿಹೋಗಿತ್ತು.

"ಕಂಬ ಬಿದ್ದಾಗ ಎಲ್ಲಾರೂ ಅವರನ್ನ ಎತ್ತಕ್ಕೆ ಓಡುದ್ರು. ನಾನು ಇದನ್ನ ಎತ್ಕಂಡೆ ಅಕ್ಕ. ಮೊದ್ಲು ಇದನ್ನ." ಗಂಟನ್ನು ಮಂಗಳಮ್ಮನ ಮಡಿಲಿಗೆ ಇಟ್ಟಳು. "ನೀವೇ ಇಟ್ಕಳಿ. ಕೇಳುದ್ರೆ ನಾನು ಕೊಟ್ಟಿಲ್ಲ ಅಂತೀನಿ."

ಅವಳು ಮತ್ತೆ ಕೂತು ಮೊರ ಎತ್ತಿಕೊಂಡಳು. ಬಳೆಗಳು ಸದ್ದು ಮಾಡಿದವು.

* * *

ನಾಲೆಯ ಸೇತುವೆಯ ಮೇಲೆ ಮಂಗಳಮ್ಮ ಸ್ಕೂಟರು ನಿಲ್ಲಿಸಿದಳು. ಬ್ಯಾಗಿನೊಳಗೆ ಕರವಸ್ತ್ರದ ಚಕ್ಕೆ, ಪಕ್ಕದಲ್ಲಿ ಹಳದಿ ಗಂಟು, ಅರ್ಧ ಹಿಂಡಿದ ನಿಂಬೆಹಣ್ಣು.

ಸಾಕ್ಷಿಯ ಮಟ್ಟಿಗೆ ಈ ಗಂಟು ಏನೂ ಅಲ್ಲ. ಪಂಚರಿಲ್ಲದೆ, ಮಹಜರಿಲ್ಲದೆ ಕೈಗೆ ಬಂದದ್ದು. ಆ ನೆಲದ ತಗ್ಗಿನೊಂದಿಗೆ ಸೇರಿಸಿದರೆ ಮಾತ್ರ ಇದಕ್ಕೆ ಅರ್ಥ. ತಗಡು ಎಲ್ಲಿಂದ ಬಂತು ಎಂದು ಹುಡುಕಿದರೆ ಐನೋರು ಸಿಗುತ್ತಾರೆ. ಐನೋರನ್ನು ಕೇಳಿದರೆ ಪಾಂಡವಪುರದ ಪೊಲೀಸಮ್ಮನ ಹೆಸರು ಹೇಳುತ್ತಾರೆ. ನಂಬರು ಕಳಿಸಿದ ಮೆಸೇಜು ಇನ್ನೂ ತನ್ನ ಫೋನಿನಲ್ಲೇ ಇರಬೇಕು. ತನಿಖೆಯಲ್ಲಿದ್ದವಳ ಮಾತಿನಿಂದಲೇ ಕಂಬ ಬಿಚ್ಚಿದರು ಎಂದಾದ ಮೇಲೆ ಇಪ್ಪತ್ತನಾಲ್ಕು ವರ್ಷದ ನೌಕರಿಗೆ ಏನು ಉಳಿಯುತ್ತದೆ?

ಕೆಳಗೆ ನಾಲೆ ತುಂಬಿ ಹರಿಯುತ್ತಿತ್ತು. ಗಂಟು ಹಗುರವಾಗಿತ್ತು. ಒಂದು ಕ್ಷಣದ ಕೆಲಸ. ಅನು ಇಲ್ಲ ಎನ್ನುತ್ತಾಳೆ, ನಾಳೆ ನೆಲ ಇರುವುದಿಲ್ಲ, ಸಾಹೇಬರು ಅರಿಸಿನದ ಮಾತನ್ನು ಆಗಲೇ ನಗೆಯಲ್ಲಿ ಮುಗಿಸಿದ್ದಾರೆ.

ಫೋನು ಹೊಡೆದುಕೊಂಡಿತು. ಸಾಹೇಬರು.

"ಸಹಿ ಆಯ್ತಾ ಮಂಗಳಮ್ಮ?"

"ಆಯ್ತು ಸಾರ್."

"ಒಳ್ಳೇದಾಯ್ತು. ಆ ಮಹದೇವಸ್ವಾಮಿ ಈಗ ಫೋನ್ ಮಾಡಿದ್ರು. ನಾಳೆ ದಿನ ಚೆನ್ನಾಗಿಲ್ವಂತೆ, ಇವತ್ತೇ ಮೂರು ಗಂಟೆಗೆ ನೆಲ ಒಡೆಸ್ತಾರಂತೆ. ಆಗಲಿ ಅಂದೆ. ನೀವು ಅಲ್ಲಿ ನಿಂಬೆಹಣ್ಣು ಕುಯ್ತಿದ್ರಂತೆ, ಏನ್ರೀ ಅದು?"

"ತಲೆ ಸುತ್ತು ಬಂತು ಸಾರ್."

"ಮನೆಗೆ ಹೋಗಿ ರೆಸ್ಟ್ ತಗೊಳ್ಳಿ. ಇನ್ನೇನಾದ್ರೂ ಇದೆಯಾ?"

ಅವಳು ನೀರನ್ನು ನೋಡಿದಳು. "ಏನಿಲ್ಲ ಸಾರ್."

ಗಡಿಯಾರದಲ್ಲಿ ಎರಡೂ ಇಪ್ಪತ್ತು. ಈಗ ಸಾಹೇಬರಿಗೆ ಹೇಳಿದರೆ ಅವರು ಮೊದಲು ಫೋನು ಮಾಡುವುದು ಮಹದೇವಸ್ವಾಮಿಗೆ. ಜೀನತ್‌ಗೆ ಹೇಳಿದರೆ ಅವಳ ಎದೆಯಲ್ಲಿ ಆಸೆ ಹುಟ್ಟುತ್ತದೆ, ಆ ಆಸೆಗೆ ತಾನು ಇನ್ನೂ ಹೊಣೆಯಾಗಲಾರಳು. ಅನುವಿಗೆ ಹೇಳಿದರೆ ಬಾಗಿಲು ಮುಚ್ಚುತ್ತದೆ.

ಮಂಗಳಮ್ಮ ಬ್ಯಾಗಿನಿಂದ ಪಾಕೆಟ್ ಪುಸ್ತಕ ತೆಗೆದು ಸ್ಕೂಟರಿನ ಸೀಟಿನ ಮೇಲಿಟ್ಟುಕೊಂಡಳು. ಎಷ್ಟೋ ಜನರ ಹೇಳಿಕೆ ಬರೆದುಕೊಂಡಿದ್ದ ಪುಸ್ತಕ. ಹೊಸ ಹಾಳೆಯಲ್ಲಿ ತಾರೀಖು, ವೇಳೆ, ಸ್ಥಳ ಬರೆದಳು. ಸಾಕ್ಷಿಯ ಹೆಸರು ಬರೆಯುವ ಜಾಗಕ್ಕೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಗುಂಡಗಿನ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಅದರ ಕೆಳಗೆ ಒಂದೇ ಸಾಲು: ರಾಗಿ ಮಿಲ್ಲಿನಲ್ಲಿ ನಾನು ಹೇಳಿದ್ದು.

ಪುಸ್ತಕ ಮುಚ್ಚಿ, ಹಳದಿ ಗಂಟನ್ನು ಅದರ ಮೇಲೆ ಇಟ್ಟು ಬ್ಯಾಗಿನ ಜಿಪ್ಪು ಎಳೆದಳು. ಭುಜದ ಮೇಲಿನ ಪಟ್ಟಿಯನ್ನು ಸರಿಮಾಡಿಕೊಂಡಳು. ಅರ್ಧ ಉಜ್ಜಿದ ಆರತಿ ತಟ್ಟೆ ಹಿತ್ತಲ ಕಲ್ಲಿನ ಮೇಲೆ ಹಾಗೆಯೇ ಬಿದ್ದಿರಬೇಕು ಎಂಬುದು ನೆನಪಾಯಿತು.

ಮನೆಗೆ ಹೋಗುವ ದಾರಿ ಬಲಕ್ಕಿತ್ತು, ಠಾಣೆಗೆ ನೇರ. ಅವಳು ಸ್ಕೂಟರನ್ನು ಬಂದ ದಾರಿಗೇ ತಿರುಗಿಸಿದಳು. ಹಿಂದಿನಿಂದ ಬಂದ ಒಂದು ಟ್ರಾಕ್ಟರು ಅವಳನ್ನು ದಾಟಿ ಮೇಲುಕೋಟೆ ರಸ್ತೆಗೆ ಹೊರಳಿತು. ಟ್ರೈಲರಿನಲ್ಲಿ ನಾಲ್ಕು ಜನ ಕೂತಿದ್ದರು. ಅವರ ಕಾಲ ಬಳಿ ಕಾಂಕ್ರೀಟು ಒಡೆಯುವ ಮಿಷನ್ನು, ಎರಡು ಹಾರೆ, ಒಂದು ದೊಡ್ಡ ಸುತ್ತಿಗೆ.

ಅವರಿಗಿಂತ ಮೊದಲು ಆ ತಗ್ಗಿನ ಮೇಲೆ ಹೋಗಿ ನಿಲ್ಲಬೇಕಿತ್ತು. ಮಂಗಳಮ್ಮ ಹಾರ್ನ್ ಮಾಡದೆ ಟ್ರಾಕ್ಟರನ್ನು ಹಿಂದೆ ಹಾಕಿದಳು.